ಟ್ಯುಲಿಪ್ ಹೊಲ ನೋಡಲು ಏಪ್ರಿಲ್‌ನ ಯಾವ ವಾರ, ಯಾವ ಊರು?

ಪ್ರಶ್ನೆ: ನಾವು ಧಾರವಾಡದವರು. ನಾನು, ನಮ್ಮ ಯಜಮಾನರು, 11 ವರ್ಷದ ಮಗಳು, 68 ವರ್ಷದ ನಮ್ಮ ಅತ್ತೆ, ಹೀಗೆ ನಾಲ್ಕು ಜನ ನೆದರ್‌ಲ್ಯಾಂಡ್ಸ್‌ಗೆ ಹೋಗಿ ಟ್ಯುಲಿಪ್ ನೋಡಬೇಕೆಂದಿದ್ದೇವೆ. ಏಜೆಂಟರು ಮಾರ್ಚ್ 28ರಿಂದ ಏಪ್ರಿಲ್ 4ರವರೆಗಿನ ಪ್ಯಾಕೇಜ್ ತೋರಿಸಿದ್ದಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೋಟೆಲ್, ಒಂದು ದಿನ ಕ್ಯೂಕೆನ್‌ಹಾಫ್ ತೋಟ. "ಆಗ ತೋಟ ತೆರೆದಿರುತ್ತದೆ, ದರವೂ ಕಡಿಮೆ" ಎನ್ನುತ್ತಾರೆ. ನಮಗೆ ಬೇಕಾಗಿರುವುದು ಫೋಟೊಗಳಲ್ಲಿ ಕಾಣುವ ಬಣ್ಣಬಣ್ಣದ ಪಟ್ಟೆಯ ಹೊಲಗಳು. ಅವು ಕಾಣಿಸುತ್ತವೆಯೇ? ಮಗಳಿಗೆ ರಜೆ ಏಪ್ರಿಲ್ 11ರಿಂದ. ಪರೀಕ್ಷೆ ಮುಗಿದಿರುವುದರಿಂದ ಮೊದಲೇ ಹೊರಟರೂ ತೊಂದರೆಯಿಲ್ಲ. ಅತ್ತೆಗೆ ಮೊಣಕಾಲು ನೋವು, ಬಹಳ ನಡೆಯಲಾಗದು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ.

ಉತ್ತರ: ಆ ವಾರದಲ್ಲಿ ಹೊಲದ ಟ್ಯುಲಿಪ್ ಕಾಣಿಸುವುದಿಲ್ಲವೆಂದೇ ತಿಳಿಯಿರಿ. ಮುಂಗಡ ಕೊಟ್ಟಿಲ್ಲವಾದರೆ ಕೊಡಬೇಡಿ. ಏಜೆಂಟರು ಹೇಳಿದ್ದರಲ್ಲಿ ಸುಳ್ಳಿಲ್ಲ, ತೋಟ ತೆರೆದೇ ಇರುತ್ತದೆ. ಆದರೆ ತೋಟದ ಲೆಕ್ಕ ಬೇರೆ, ಹೊಲದ ಲೆಕ್ಕ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ಹೋದವರೇ ಹೆಚ್ಚಾಗಿ ನಿರಾಶರಾಗಿ ಮರಳುತ್ತಾರೆ.

ಲಿಸ್ಸ ಊರಿನ ಕ್ಯೂಕೆನ್‌ಹಾಫ್ 32 ಹೆಕ್ಟೇರಿನ ಪ್ರದರ್ಶನ ತೋಟ. 1950ರಿಂದ ಜನರಿಗೆ ತೆರೆದಿದೆ. ಮಾರ್ಚ್ ಮೂರನೇ ವಾರದಿಂದ ಮೇ ಎರಡನೇ ವಾರದವರೆಗೆ, ವರ್ಷಕ್ಕೆ ಸುಮಾರು ಎಂಟೇ ವಾರ ಅದರ ಬಾಗಿಲು ತೆಗೆದಿರುತ್ತದೆ. ಪ್ರತಿ ಶರತ್ಕಾಲದಲ್ಲಿ ಅಲ್ಲಿ ಸುಮಾರು 70 ಲಕ್ಷ ಗಡ್ಡೆಗಳನ್ನು ಕೈಯಲ್ಲೇ ನೆಡುತ್ತಾರೆ. ಎಂಟು ವಾರವೂ ಹೂವಿರಬೇಕೆಂದು ಒಂದೇ ಪಾತಿಯಲ್ಲಿ ಗಡ್ಡೆಗಳನ್ನು ಪದರ ಪದರವಾಗಿ ಇಡುತ್ತಾರೆ. ತಡವಾಗಿ ಅರಳುವ ಟ್ಯುಲಿಪ್ ಅಡಿಯಲ್ಲಿ, ಬೇಗ ಅರಳುವುದು ಅದರ ಮೇಲೆ, ಎಲ್ಲಕ್ಕೂ ಮೇಲೆ ಕ್ರೋಕಸ್ ಎಂಬ ಪುಟ್ಟ ಹೂವಿನದು. ಒಂದು ಬಾಡುವ ಹೊತ್ತಿಗೆ ಇನ್ನೊಂದು ಮೇಲೆದ್ದಿರುತ್ತದೆ. ಸಾಲದ್ದಕ್ಕೆ ಗಾಜಿನ ಮಂಟಪಗಳೊಳಗೆ ಮೊದಲ ದಿನದಿಂದಲೇ ಟ್ಯುಲಿಪ್ ಇರುತ್ತದೆ. ಹಾಗಾಗಿ ಮಾರ್ಚ್ ಕೊನೆಯಲ್ಲಿ ಹೋದರೂ ತೋಟ ಬರಿದಾಗಿರುವುದಿಲ್ಲ.

ಹೊಲದಲ್ಲಿ ಈ ಏರ್ಪಾಡು ಯಾವುದೂ ಇಲ್ಲ. ಅಲ್ಲಿ ರೈತ ಬೆಳೆಯುವುದು ಗಡ್ಡೆಯನ್ನು, ಹೂವನ್ನಲ್ಲ. ಅಂಗಡಿಯಲ್ಲಿ ಗೊಂಚಲಾಗಿ ಮಾರುವ ಟ್ಯುಲಿಪ್ ಬಹುತೇಕ ಗಾಜಿನ ಮನೆಗಳಲ್ಲಿ ಬೆಳೆದದ್ದು. ಅಕ್ಟೋಬರ್–ನವೆಂಬರ್‌ನಲ್ಲಿ ನೆಟ್ಟ ಗಡ್ಡೆಗೆ ಚಳಿಗಾಲದ 12–16 ವಾರಗಳ ತಂಪು ಸಿಕ್ಕಮೇಲೆ ವಸಂತದ ಬಿಸಿಲಿಗೆ ಗಿಡ ಮೇಲೇಳುತ್ತದೆ, ಹೂ ಬಿಡುತ್ತದೆ. ಹೂ ಪೂರ್ತಿ ಅರಳಿದಾಗ ರೈತರು ಸಾಲುಗಳ ನಡುವೆ ಓಡಾಡಿ, ತಳಿ ಬೆರಕೆಯಾಗಿದೆಯೇ, ದಳದ ಮೇಲೆ ವೈರಸ್ ರೋಗದ ಗೀರುಗಳಿವೆಯೇ ಎಂದು ನೋಡಿ, ಕೆಟ್ಟ ಗಿಡವನ್ನು ಕಿತ್ತುಹಾಕುತ್ತಾರೆ. ಆ ಕೆಲಸ ಮುಗಿಯಿತೆಂದರೆ ಯಂತ್ರ ತಂದು ಹೂವಿನ ತಲೆಗಳನ್ನೆಲ್ಲ ಕತ್ತರಿಸುತ್ತಾರೆ. ಡಚ್ಚರು ಇದಕ್ಕೆ 'ಕೊಪ್ಪೆನ್' ಎನ್ನುತ್ತಾರೆ. ಹೂ ಗಿಡದಲ್ಲೇ ಉಳಿದರೆ ಅದರ ಶಕ್ತಿ ಬೀಜಕ್ಕೆ ಹೋಗುತ್ತದೆ, ಗಡ್ಡೆ ಬಲಿಯುವುದಿಲ್ಲ. ಉದುರಿದ ದಳಗಳು ಎಲೆಗಂಟಿ ಕೊಳೆತರೆ ಬೊಟ್ರೈಟಿಸ್ ಎಂಬ ಬೂಸ್ಟು ರೋಗ ಹಬ್ಬುತ್ತದೆ. ತಲೆ ಕತ್ತರಿಸಿದ ಗಿಡದ ಎಲೆಗಳು ಮುಂದೆ ಹಲವು ವಾರ ಗಡ್ಡೆಯನ್ನು ಪೋಷಿಸುತ್ತವೆ. ಜೂನ್–ಜುಲೈನಲ್ಲಿ ಗಡ್ಡೆ ಕೀಳುತ್ತಾರೆ.

ಆದ್ದರಿಂದ ಬೆಳಿಗ್ಗೆ ಕೆಂಪಗಿದ್ದ ಹೊಲ ಸಂಜೆಯ ಹೊತ್ತಿಗೆ ಬರೀ ಹಸಿರಾಗಿಬಿಡಬಹುದು. ಒಂದೊಂದು ಹೊಲದಲ್ಲಿ ಹೂ ನಿಲ್ಲುವುದು ಹೆಚ್ಚೆಂದರೆ ಎರಡು–ಮೂರು ವಾರ. ಬಿಸಿಲೇರಿ 20 ಡಿಗ್ರಿ ದಾಟಿದರೆ ಒಂದೇ ವಾರಕ್ಕೆ ಆಟ ಮುಗಿಯುತ್ತದೆ. ಹತ್ತು–ಹನ್ನೆರಡು ಡಿಗ್ರಿಯ ತಂಪಿದ್ದರೆ ಹೂ ಬಹಳ ದಿನ ತಾಳುತ್ತದೆ.

ಯಾವ ವಾರ

ಹೊಲಗಳಲ್ಲಿ ಹೂ ಬರುವುದಕ್ಕೆ ಒಂದು ಸರದಿ ಇದೆ. ಮಾರ್ಚ್ ಮೊದಲ ಭಾಗದಲ್ಲಿ ನೇರಳೆ, ಹಳದಿ, ಬಿಳಿಯ ಕ್ರೋಕಸ್. ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಹಳದಿ ಡ್ಯಾಫೋಡಿಲ್. ಮಾರ್ಚ್ ಕೊನೆಯಿಂದ ಏಪ್ರಿಲ್ ಮೂರನೇ ವಾರದವರೆಗೆ ಹಯಸಿಂತ್. ಟ್ಯುಲಿಪ್ ಬರುವುದು ಇವೆಲ್ಲಕ್ಕೂ ಕೊನೆಗೆ, ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗೆ. ನಿಮ್ಮ ಪ್ಯಾಕೇಜಿನ ದಿನಗಳಲ್ಲಿ ಹೊಲದಲ್ಲಿ ಡ್ಯಾಫೋಡಿಲ್, ಹಯಸಿಂತ್ ಕಾಣಿಸುತ್ತಿದ್ದವು, ಟ್ಯುಲಿಪ್ ಇನ್ನೂ ಹಸಿರು ಮೊಗ್ಗಾಗಿರುತ್ತಿತ್ತು.

ಈ ಸರದಿ ತಪ್ಪುವುದಿಲ್ಲ, ತಾರೀಖು ಮಾತ್ರ ಹಿಂದೆಮುಂದೆ ಆಗುತ್ತದೆ. 2013ರಲ್ಲಿ ಮಾರ್ಚ್ ತಿಂಗಳಿಡೀ ಕಡುಚಳಿಯಿದ್ದು ಹೂ ಬಹಳ ತಡವಾಯಿತು. 2024ರಲ್ಲಿ ಫೆಬ್ರವರಿ–ಮಾರ್ಚ್ ಬೆಚ್ಚಗಿದ್ದು ಬೇಗ ಬಂತು. ಹತ್ತು–ಹದಿನೈದು ದಿನದ ಈ ಓಲಾಟವನ್ನು ನಾಲ್ಕು ತಿಂಗಳ ಮೊದಲೇ ಹೇಳುವುದು ಯಾರಿಂದಲೂ ಆಗದು. ವಿಮಾನದ ಟಿಕೆಟ್ ತೆಗೆಯುವಾಗ ನೀವು ಮಾಡಬಹುದಾದದ್ದು ಒಂದೇ: ಬೇಗ ಬಂದ ವರ್ಷಕ್ಕೂ ತಡವಾದ ವರ್ಷಕ್ಕೂ ಸಲ್ಲುವ ನಡುಭಾಗವನ್ನು ಹಿಡಿಯುವುದು. ಅದು ಏಪ್ರಿಲ್ 16ರಿಂದ 25. ಮಗಳ ರಜೆಯೂ ಅಷ್ಟರಲ್ಲಿ ಆರಂಭವಾಗಿರುತ್ತದೆ. ಒಂದು ದಿನವೂ ಶಾಲೆ ತಪ್ಪಿಸಬೇಕಾಗಿಲ್ಲ.

25ಕ್ಕೇ ನಿಲ್ಲಿಸಲು ಕಾರಣವಿದೆ. ಏಪ್ರಿಲ್ 27 ಆ ದೇಶದ ರಾಜನ ಹುಟ್ಟುಹಬ್ಬದ ರಜೆ. 27 ಭಾನುವಾರವಾದರೆ 26ಕ್ಕೇ ಆಚರಿಸುತ್ತಾರೆ. ಆಮ್‌ಸ್ಟರ್‌ಡ್ಯಾಮ್ ಅಂದು ಕಿತ್ತಳೆ ಬಟ್ಟೆಯ ಜನರಿಂದ ತುಂಬಿಹೋಗುತ್ತದೆ, ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹಿಂದಿನ ಎರಡು ರಾತ್ರಿಗಳ ಹೋಟೆಲ್ ದರ ಏರಿರುತ್ತದೆ. ಮೊಣಕಾಲು ನೋವಿನ ಹಿರಿಯರನ್ನು ಕರೆದುಕೊಂಡು ಆ ಗದ್ದಲಕ್ಕೆ ಸಿಕ್ಕಿಕೊಳ್ಳಬೇಡಿ. ಹಾಗೆಯೇ ಈಸ್ಟರ್ ಯಾವಾಗ ಬರುತ್ತದೆಂದು ನೋಡಿಕೊಳ್ಳಿ. ಶುಕ್ರವಾರದಿಂದ ಸೋಮವಾರದವರೆಗಿನ ಆ ನಾಲ್ಕು ದಿನ ಕ್ಯೂಕೆನ್‌ಹಾಫ್‌ಗೆ ಹೋಗಬೇಡಿ.

ಯಾವ ಪ್ರದೇಶ

ಟ್ಯುಲಿಪ್ ಹೊಲ ಎಂದರೆ ಕ್ಯೂಕೆನ್‌ಹಾಫ್ ಸುತ್ತಮುತ್ತ ಮಾತ್ರ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ದೊಡ್ಡ ಹೊಲಗಳಿರುವುದು ಬೇರೆ ಕಡೆ.

ಹಾರ್ಲೆಮ್ ಮತ್ತು ಲೈಡನ್ ನಡುವಿನ ಪ್ರದೇಶಕ್ಕೆ 'ಬೊಲ್ಲೆನ್‌ಸ್ಟ್ರೇಕ್', ಗಡ್ಡೆಗಳ ಸೀಮೆ, ಎಂದು ಹೆಸರು. ಲಿಸ್ಸ, ಹಿಲ್ಲೆಗೊಮ್, ನೋರ್ಡ್‌ವೈಕರ್‌ಹೌಟ್, ಫೋರ್‌ಹೌಟ್ ಎಲ್ಲ ಇದರೊಳಗಿನ ಊರುಗಳು. ಸಮುದ್ರ ದಂಡೆಯ ಮರಳು ಮಣ್ಣು, ಚಿಕ್ಕ ಚಿಕ್ಕ ಹೊಲಗಳು, ನಡುನಡುವೆ ನೀರಿನ ಕಾಲುವೆ, ಹಳೆಯ ಗಡ್ಡೆ ಗೋದಾಮುಗಳು. ಟ್ಯುಲಿಪ್, ಹಯಸಿಂತ್, ಡ್ಯಾಫೋಡಿಲ್ ಪಕ್ಕಪಕ್ಕದಲ್ಲೇ ಇರುವುದರಿಂದ ಏಪ್ರಿಲ್ ಮೂರನೇ ವಾರದಲ್ಲಿ ಹೋದರೆ ಒಂದಲ್ಲ ಒಂದು ಹೂ ಖಂಡಿತ ಸಿಗುತ್ತದೆ. ಕಾರಿಲ್ಲದೆ, ರೈಲು–ಬಸ್ಸು–ಸೈಕಲ್ಲಿನಲ್ಲೇ ಎಲ್ಲವನ್ನೂ ನೋಡಬಹುದು. ಮೊದಲ ಸಲ ಹೋಗುವ ನಿಮ್ಮಂಥ ಕುಟುಂಬಕ್ಕೆ ಇದೇ ಸರಿ.

ಈಶಾನ್ಯಕ್ಕೆ ಫ್ಲೇವೊಲ್ಯಾಂಡ್ ಪ್ರಾಂತ್ಯದ ನೋರ್ಡೋಸ್ಟ್‌ಪೋಲ್ಡರ್ ಇದೆ. 1942ರಲ್ಲಿ ಕಡಲ ನೀರನ್ನು ಬತ್ತಿಸಿ ಪಡೆದ ನೆಲ ಅದು. ಹಾಳೆಯ ಮೇಲೆ ಗೀಟೆಳೆದಂತೆ ನೇರವಾದ ರಸ್ತೆಗಳು, ಕಣ್ಣು ಹಾಯುವವರೆಗೆ ಒಂದೇ ಬಣ್ಣದ ಹೊಲಗಳು. ನೀವು ಫೋಟೊಗಳಲ್ಲಿ ಮೆಚ್ಚಿದ ವಿಶಾಲವಾದ ಪಟ್ಟೆಗಳು ಬಹುಶಃ ಇಲ್ಲಿಯವು. ಏಪ್ರಿಲ್ ಕೊನೆ, ಮೇ ಆರಂಭದಲ್ಲಿ ಇಲ್ಲಿ ಟ್ಯುಲಿಪ್ ಉತ್ಸವ ನಡೆಯುತ್ತದೆ, ಕಾರಿನಲ್ಲಿ ಸುತ್ತಲು ಸುಮಾರು 100 ಕಿ.ಮೀ. ದಾರಿಗೆ ಫಲಕ ಹಾಕಿರುತ್ತಾರೆ. ಬೊಲ್ಲೆನ್‌ಸ್ಟ್ರೇಕ್‌ಗಿಂತ ಸುಮಾರು ಒಂದು ವಾರ ತಡವಾಗಿ ಇಲ್ಲಿ ಹೂ ತುಂಬುತ್ತದೆ. ತೊಡಕೆಂದರೆ ಮುಖ್ಯ ಊರು ಎಮ್ಮೆಲೋರ್ಡ್‌ಗೆ ರೈಲಿಲ್ಲ. ಬಾಡಿಗೆ ಕಾರು ಬೇಕು, ಬಲಬದಿಯಲ್ಲಿ ಓಡಿಸುವ ಅಭ್ಯಾಸ ಬೇಕು. ಆಮ್‌ಸ್ಟರ್‌ಡ್ಯಾಮ್‌ನಿಂದ ಸುಮಾರು 90 ಕಿ.ಮೀ.

ಉತ್ತರದಲ್ಲಿ ಡೆನ್ ಹೆಲ್ಡರ್, ಆನ್ನಾ ಪೌಲೋನಾ, ಸ್ಖಾಗೆನ್ ಸುತ್ತ ಮೂರನೆಯ ಪ್ರದೇಶ. ಒಂದಕ್ಕೊಂದು ಅಂಟಿಕೊಂಡಂತಿರುವ ಗಡ್ಡೆ ಹೊಲಗಳ ಅತಿ ದೊಡ್ಡ ಹರವು ಇದು. ಪ್ರವಾಸಿಗರು ಕಡಿಮೆ. ಆನ್ನಾ ಪೌಲೋನಾದಲ್ಲೇ ರೈಲು ನಿಲ್ಲುತ್ತದೆ. ನೀವು ತಲುಪಿದಾಗ ಬೊಲ್ಲೆನ್‌ಸ್ಟ್ರೇಕ್‌ನಲ್ಲಿ ಹೂ ಮುಗಿಯುತ್ತ ಬಂದಿದ್ದರೆ ಆಮ್‌ಸ್ಟರ್‌ಡ್ಯಾಮ್‌ನಿಂದ ಡೆನ್ ಹೆಲ್ಡರ್ ಕಡೆಯ ರೈಲು ಹತ್ತಿ. ಸ್ಖಾಗೆನ್ ದಾಟಿದ ಮೇಲೆ ಕಿಟಕಿಯಲ್ಲೇ ಹೊಲಗಳು ಕಾಣತೊಡಗುತ್ತವೆ.

ಒಂದು ಎಚ್ಚರಿಕೆ. ಹಳೆಯ ಫೋಟೊಗಳಲ್ಲಿ ಹಾಕಿದ ಮ್ಯಾಪಿನ ಗುರುತು ನಂಬಿ ಹೋಗಬೇಡಿ. ಮಣ್ಣಿನ ರೋಗ ತಡೆಯಲು ರೈತರು ವರ್ಷವರ್ಷ ಬೆಳೆ ಬದಲಿಸುತ್ತಾರೆ. ಹೋದ ವರ್ಷ ಟ್ಯುಲಿಪ್ ಇದ್ದಲ್ಲಿ ಈ ವರ್ಷ ಆಲೂಗಡ್ಡೆ ಇರಬಹುದು. ಹೊರಡುವ ಎರಡು ವಾರ ಮೊದಲಿನಿಂದ, ಪ್ರತಿ ವಾರ ಹೊಸದಾಗಿ ಹಾಕುವ ಹೂವಿನ ವರದಿಗಳನ್ನೂ ಆ ವಾರ ತೆಗೆದ ಚಿತ್ರಗಳನ್ನೂ ನೋಡುತ್ತಿರಿ. ಹೋಟೆಲ್ ಮಾಲೀಕರು, ಸೈಕಲ್ ಬಾಡಿಗೆಯವರನ್ನು "ಈ ವಾರ ಯಾವ ಕಡೆ ಹೂವಿದೆ?" ಎಂದು ಕೇಳಿದರೆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆಲ್ಲೂ ಸಿಗದು.

ಎಲ್ಲಿ ತಂಗಬೇಕು

ಆಮ್‌ಸ್ಟರ್‌ಡ್ಯಾಮ್ ಬೇಡ, ಲೈಡನ್‌ನಲ್ಲಿ ತಂಗಿ. ನಿಮ್ಮ ಇಡೀ ಯೋಜನೆಯಲ್ಲಿ ಇದೊಂದನ್ನು ಬದಲಿಸಿಕೊಂಡರೂ ಸಾಕಷ್ಟು ಲಾಭ. ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಲೈಡನ್‌ಗೆ ರೈಲಿನಲ್ಲಿ 15–20 ನಿಮಿಷ. ಹೂವಿನ ಕಾಲದಲ್ಲಿ ಲೈಡನ್ ರೈಲು ನಿಲ್ದಾಣದ ಮುಂದಿನಿಂದಲೇ ಕ್ಯೂಕೆನ್‌ಹಾಫ್‌ಗೆ ನೇರ ಬಸ್ಸು, ಸುಮಾರು 25 ನಿಮಿಷದ ದಾರಿ. ಆಮ್‌ಸ್ಟರ್‌ಡ್ಯಾಮ್ ನೋಡಬೇಕೆನಿಸಿದ ದಿನ ರೈಲಿನಲ್ಲಿ 35–40 ನಿಮಿಷ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೋಣೆಯ ಬಾಡಿಗೆಯ ಮೇಲೆ 12.5% ಪ್ರವಾಸಿ ತೆರಿಗೆಯೂ ಬೀಳುತ್ತದೆ. ಅದರ ಮೇಲೆ 2026ರಿಂದ ದೇಶದಾದ್ಯಂತ ಕೋಣೆಗಳ ವ್ಯಾಟ್ 9%ರಿಂದ 21%ಕ್ಕೆ ಏರಿದೆ. ಬುಕ್ ಮಾಡುವಾಗ ಕಾಣುವ ಮೊತ್ತದಲ್ಲಿ ತೆರಿಗೆ ಸೇರಿದೆಯೇ ಎಂದು ನೋಡಿ.

ಹೋಟೆಲ್ ಆರಿಸುವಾಗ "ಲಿಫ್ಟ್ ಇದೆಯೇ" ಎಂಬುದನ್ನು ಮೊದಲು ಕೇಳಿ. ಹಳೆಯ ಡಚ್ ಮನೆಗಳ ಮೆಟ್ಟಿಲು ಏಣಿಯಷ್ಟೇ ಕಡಿದಾಗಿರುತ್ತವೆ. ನಿಮ್ಮ ಅತ್ತೆಯವರಿಗೆ ದಿನಕ್ಕೆ ಎರಡು ಸಲ ಅಂಥ ಮೆಟ್ಟಿಲು ಹತ್ತುವುದು ಅಸಾಧ್ಯ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಸಿಕ್ಕರೆ ಇನ್ನೂ ಒಳ್ಳೆಯದು, ಕಾರಣ ಮುಂದೆ ಹೇಳುತ್ತೇನೆ. ಊರಿಂದೂರಿಗೆ ಹೋಟೆಲ್ ಬದಲಿಸಬೇಡಿ. ಎಲ್ಲ ರಾತ್ರಿಯೂ ಒಂದೇ ಕಡೆ ಇದ್ದರೆ ಪ್ರತಿ ಬೆಳಿಗ್ಗೆ ಹವಾಮಾನ ನೋಡಿ ಆ ದಿನ ಎಲ್ಲಿಗೆ ಹೋಗುವುದೆಂದು ತೀರ್ಮಾನಿಸಬಹುದು.

ಕ್ಯೂಕೆನ್‌ಹಾಫ್ ದಿನ

ಟಿಕೆಟ್‌ಗಳನ್ನು ದಿನ ಮತ್ತು ಪ್ರವೇಶದ ಹೊತ್ತಿಗೆ ಕಟ್ಟಿ ಆನ್‌ಲೈನಿನಲ್ಲಿ ಮಾರುತ್ತಾರೆ. ವಯಸ್ಕರಿಗೆ ಸುಮಾರು 20 ಯೂರೊ, ಮಕ್ಕಳಿಗೆ ಅದರ ಅರ್ಧದಷ್ಟು. ಬಸ್ಸೂ ಸೇರಿದ ಟಿಕೆಟ್ ಬೇರೆ ಇದೆ, ಅದನ್ನೇ ಕೊಳ್ಳಿ. ಏಪ್ರಿಲ್ ನಡುವಿನ ವಾರಗಳ ಬೆಳಗಿನ ಹೊತ್ತು ಬೇಗ ಖಾಲಿಯಾಗುವುದರಿಂದ ವೀಸಾ ಕೈಗೆ ಬಂದ ದಿನವೇ ತೆಗೆದುಬಿಡಿ.

ಸೋಮವಾರದಿಂದ ಬುಧವಾರದೊಳಗಿನ ಒಂದು ದಿನ, ತೋಟ ತೆರೆಯುವ ಬೆಳಗಿನ 8 ಗಂಟೆಯ ಪ್ರವೇಶ ಆರಿಸಿ. ಟೂರ್ ಬಸ್ಸುಗಳು ಬಂದು ಸೇರುವುದು ಹತ್ತೂವರೆಯ ಹೊತ್ತಿಗೆ. ಅಷ್ಟರಲ್ಲಿ ನಿಮಗೆ ಎರಡೂವರೆ ಗಂಟೆ ಸಿಕ್ಕಿರುತ್ತದೆ. ಬೆಳಿಗ್ಗೆ ಏಳುವುದು ಕಷ್ಟವೆಂದರೆ ಮಧ್ಯಾಹ್ನ 3ರ ನಂತರದ್ದು ತೆಗೆದುಕೊಳ್ಳಿ. ತೋಟ ಸಂಜೆ 7.30ರವರೆಗೆ ಇರುತ್ತದೆ, ಏಪ್ರಿಲ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 9ರ ಹತ್ತಿರಕ್ಕೆ. 11ರಿಂದ 3ರವರೆಗಿನ ಹೊತ್ತು ಮಾತ್ರ ಬೇಡವೇ ಬೇಡ.

ಒಳಗೆ ಸುಮಾರು 15 ಕಿ.ಮೀ. ಕಾಲುದಾರಿ ಇದೆ. ಅಷ್ಟನ್ನೂ ಯಾರೂ ನಡೆಯುವುದಿಲ್ಲ, ಆದರೂ ಎರಡು–ಮೂರು ಕಿ.ಮೀ. ಆಗಿಯೇ ಆಗುತ್ತದೆ. ಅತ್ತೆಯವರಿಗಾಗಿ ಗಾಲಿಕುರ್ಚಿಯನ್ನು ಮುಂಚಿತವಾಗಿ ಕಾಯ್ದಿರಿಸಿ. ಮನೆಯಲ್ಲಿ ನಡೆದಾಡುವವರು ಗಾಲಿಕುರ್ಚಿಗೆ ಒಪ್ಪದಿರುವುದು ಸಹಜ. ಆದರೂ ಕುರ್ಚಿ ಜೊತೆಗಿರಲಿ, ಬೇಕೆನಿಸಿದಾಗ ಕೂರಬಹುದು. ದಾರಿಗಳು ಸಮತಟ್ಟಾಗಿವೆ, ತಳ್ಳುವುದು ಕಷ್ಟವಿಲ್ಲ. ತೋಟದ ಅಂಚಿನಲ್ಲಿ ಹಳೆಯ ಗಾಳಿಗಿರಣಿಯೊಂದಿದೆ. ಅದರ ಕಟ್ಟೆಯ ಮೇಲಿಂದ ಹೊರಗಿನ ಹೊಲಗಳು ಕಾಣುತ್ತವೆ, ಆದರೆ ಮೆಟ್ಟಿಲು ಹತ್ತಬೇಕು. ಅಲ್ಲಿಂದಲೇ ಸದ್ದಿಲ್ಲದ ವಿದ್ಯುತ್ ದೋಣಿಗಳು ಹೊರಟು ಮುಕ್ಕಾಲು ಗಂಟೆ ಹೊಲಗಳ ನಡುವಿನ ಕಾಲುವೆಗಳಲ್ಲಿ ಸುತ್ತಿಸುತ್ತವೆ. ನಡೆಯಲಾಗದವರು ಹೊಲವನ್ನು ಹತ್ತಿರದಿಂದ ಕಾಣಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಇದಕ್ಕೆ ಟಿಕೆಟ್ ಬೇರೆ.

ಏಪ್ರಿಲ್‌ನ ಒಂದು ಶನಿವಾರ ನೋರ್ಡ್‌ವೈಕ್‌ನಿಂದ ಹಾರ್ಲೆಮ್‌ವರೆಗೆ ಸುಮಾರು 42 ಕಿ.ಮೀ. ಉದ್ದಕ್ಕೂ ಹೂವಿನ ರಥಗಳ ಮೆರವಣಿಗೆ ಸಾಗುತ್ತದೆ. ರಥಗಳಿಗೆ ಹೆಚ್ಚಾಗಿ ಚುಚ್ಚುವುದು ಹಯಸಿಂತ್ ಹೂಗಳನ್ನು. ಆ ವರ್ಷದ ದಿನಾಂಕ ನೋಡಿಕೊಂಡು ಅಂದು ದಾರಿಬದಿಯ ಊರೊಂದರಲ್ಲಿ ಮೊದಲೇ ಹೋಗಿ ಕುಳಿತುಕೊಳ್ಳಿ. ಕ್ಯೂಕೆನ್‌ಹಾಫ್‌ಗೆ ಅಂದು ಹೋಗಬೇಡಿ, ರಸ್ತೆಗಳು ಮುಚ್ಚಿ ಬಸ್ಸುಗಳು ತಡವಾಗುತ್ತವೆ.

ಹೊಲದ ದಿನ

ತೋಟ ನೋಡಿದ ದಿನವೇ ಹೊಲಗಳನ್ನೂ ಮುಗಿಸುತ್ತೇವೆ ಎನ್ನಬೇಡಿ. ಹೊಲಕ್ಕೆ ಬಿಸಿಲಿನ ದಿನವೊಂದನ್ನು ಬೇರೆಯೇ ತೆಗೆದಿಡಿ. ಟ್ಯುಲಿಪ್ ಬಿಸಿಲಿಗೆ ಬಾಯಿ ತೆರೆಯುತ್ತದೆ, ತಂಪಿಗೆ, ಕತ್ತಲಿಗೆ ಮುಚ್ಚಿಕೊಳ್ಳುತ್ತದೆ. ಮೋಡ ಕವಿದ ದಿನ ಅದೇ ಹೊಲ ಅರ್ಧ ಬಣ್ಣ ಕಳೆದುಕೊಂಡಂತೆ ಕಾಣುತ್ತದೆ.

ನೀವು ಮೂವರು ಸೈಕಲ್ ತೆಗೆದುಕೊಳ್ಳಿ. ಕ್ಯೂಕೆನ್‌ಹಾಫ್ ಮುಖ್ಯದ್ವಾರದ ಬಳಿಯೇ ಬಾಡಿಗೆಗೆ ಸಿಗುತ್ತವೆ, 5ರಿಂದ 25 ಕಿ.ಮೀ.ವರೆಗಿನ ದಾರಿಗಳ ನಕ್ಷೆಯನ್ನೂ ಕೊಡುತ್ತಾರೆ. 10–15 ಕಿ.ಮೀ. ದಾರಿ ಸಾಕು. ನಿಲ್ಲುತ್ತ, ಫೋಟೊ ತೆಗೆಯುತ್ತ ಮೂರು ಗಂಟೆ ಹಿಡಿಯುತ್ತದೆ. ಲಿಸ್ಸ ಮತ್ತು ಹಿಲ್ಲೆಗೊಮ್ ಬದಿಯ ಲೋಸ್ಟರ್‌ವೆಗ್ ರಸ್ತೆ, ಪಶ್ಚಿಮಕ್ಕೆ ಡೆ ಜಿಲ್ಕ್ ಊರಿನ ಕಡೆ, ಎರಡೂ ಹೊಲಗಳ ನಡುವೆಯೇ ಹಾಯುತ್ತವೆ. ಕವಲುಗಳಲ್ಲಿ ಸಂಖ್ಯೆಯ ಫಲಕಗಳಿರುತ್ತವೆ. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಗೆ ಬಾಣ ಹಿಡಿದು ಹೋದರಾಯಿತು, ಮೊಬೈಲ್ ಬೇಕಿಲ್ಲ. ಸೈಕಲ್ ತುಳಿಯುವಾಗ ಮೊಬೈಲ್ ಕೈಯಲ್ಲಿ ಹಿಡಿದರೆ ಅಲ್ಲಿ ದಂಡ.

ನಮ್ಮವರು ಅಲ್ಲಿನ ಸೈಕಲ್‌ನಲ್ಲಿ ಬೀಳುವುದು ಹೆಚ್ಚಾಗಿ ಬ್ರೇಕಿನಿಂದ. ಹಲವು ಡಚ್ ಸೈಕಲ್‌ಗಳಿಗೆ ಹಿಡಿಯಲ್ಲಿ ಬ್ರೇಕ್ ಇರುವುದಿಲ್ಲ, ಪೆಡಲನ್ನು ಹಿಂದಕ್ಕೆ ಒತ್ತಿದರೆ ನಿಲ್ಲುತ್ತದೆ. ನಮ್ಮಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸುವುದು ಅಭ್ಯಾಸವಾದ್ದರಿಂದ ಸೈಕಲ್ ಗಕ್ಕನೆ ನಿಂತು ಮುಗ್ಗರಿಸುತ್ತಾರೆ. ಬಾಡಿಗೆಯವರ ಹತ್ತಿರ "ಹ್ಯಾಂಡ್ ಬ್ರೇಕ್ ಇರುವುದು ಕೊಡಿ" ಎಂದೇ ಕೇಳಿ. ಮಗಳ ಎತ್ತರ ಹೇಳಿ ಸರಿಯಾದ ಅಳತೆಯದು ಪಡೆಯಿರಿ. ಅಂಗಳದಲ್ಲೇ ಐದು ನಿಮಿಷ ಓಡಿಸಿ ನೋಡಿ ಹೊರಡಿ. ಬಲಬದಿಯಲ್ಲೇ ಸಾಗಬೇಕು. ನೆಲದ ಮೇಲೆ ನಿಮ್ಮ ಕಡೆಗೆ ಮೊನೆ ಮಾಡಿದ ಬಿಳಿ ತ್ರಿಕೋನಗಳ ಸಾಲು ಕಂಡರೆ ನಿಂತು ಎದುರಿನವರಿಗೆ ದಾರಿ ಬಿಡಬೇಕು. ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಮರಳುವಾಗ ಗಾಳಿ ಬೆನ್ನಿಗಿರುತ್ತದೆ.

ಅತ್ತೆಯವರಿಗೆ ಆ ದಿನ ರೈಲು. ಲೈಡನ್‌ನಿಂದ ಹಾರ್ಲೆಮ್‌ಗೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಪ್ರಿಂಟರ್ ರೈಲು ಹೊಲಗಳ ನಡುವೆಯೇ ಹಾದುಹೋಗುತ್ತದೆ. ಫೋರ್‌ಹೌಟ್ ಮತ್ತು ಹಿಲ್ಲೆಗೊಮ್ ನಡುವೆ ಎರಡೂ ಕಿಟಕಿಗಳಲ್ಲಿ ಹೂ. ಸುಮಾರು ಅರ್ಧ ಗಂಟೆಯ ಪಯಣ. ಒಬ್ಬರು ಅವರ ಜೊತೆಗಿರಿ, ಹಾರ್ಲೆಮ್‌ನಲ್ಲಿ ಕಾಫಿ ಕುಡಿದು ಅದೇ ದಾರಿಯಲ್ಲಿ ಮರಳಿ. ಬೆಳಿಗ್ಗೆ ಇವರು, ಮಧ್ಯಾಹ್ನ ಅವರು ಎಂದು ಸರದಿ ಹಾಕಿಕೊಂಡರೆ ಎಲ್ಲರಿಗೂ ಎರಡೂ ಸಿಗುತ್ತದೆ.

ಹೊಲದೊಳಗೆ ಕಾಲಿಡಬಾರದು. ಇದನ್ನು ಒತ್ತಿ ಹೇಳುತ್ತೇನೆ. ಅದು ಒಬ್ಬ ರೈತನ ಬೆಳೆ, ಜೋಳದ ಹೊಲ ತುಳಿದರೆ ನಮ್ಮ ರೈತನಿಗೆ ಆಗುವ ನಷ್ಟವೇ ಅವನಿಗೂ ಆಗುತ್ತದೆ. ಬೂಟಿಗಂಟಿದ ಮಣ್ಣಿನಿಂದ ಒಂದು ಹೊಲದ ರೋಗ ಇನ್ನೊಂದಕ್ಕೆ ದಾಟುತ್ತದೆ. ತುಳಿದ ಗಿಡದ ಎಲೆ ಮುರಿದರೆ ಗಡ್ಡೆ ಬೆಳೆಯುವುದಿಲ್ಲ. ಕಾಲುವೆ ದಾಟುವುದು, ಹಗ್ಗದ ಬೇಲಿ ಎತ್ತುವುದು, ಹೂ ಕೀಳುವುದು ಯಾವುದೂ ಬೇಡ. ಹೂವಿನ ನಡುವೆ ನಿಂತ ಫೋಟೊ ಬೇಕೇಬೇಕೆಂದಿದ್ದರೆ ಹಿಲ್ಲೆಗೊಮ್, ಫೋರ್‌ಹೌಟ್, ನೋರ್ಡ್‌ವೈಕರ್‌ಹೌಟ್‌ಗಳಲ್ಲಿ ಟಿಕೆಟ್ ಕೊಟ್ಟು ಒಳಹೋಗುವ ಹೂತೋಟಗಳಿವೆ. ಕೆಲವದರಲ್ಲಿ ಹೂ ಕಿತ್ತು ಒಯ್ಯಲೂ ಬಿಡುತ್ತಾರೆ. ಅವಕ್ಕೆ 'ಪ್ಲುಕ್‌ಟೌನ್' ಎನ್ನುತ್ತಾರೆ. ಮಗಳಿಗೆ ಖಂಡಿತ ಇಷ್ಟವಾಗುತ್ತದೆ.

ದಾರಿಬದಿಯಿಂದಲೇ ಒಳ್ಳೆಯ ಚಿತ್ರ ತೆಗೆಯಬಹುದು. ಸಾಲುಗಳು ನಿಮ್ಮ ಕಡೆಗೆ ನೇರವಾಗಿ ಬರುವ ಜಾಗದಲ್ಲಿ ಮಂಡಿಯೂರಿ ಮೊಬೈಲನ್ನು ಹೂವಿನ ಎತ್ತರಕ್ಕೆ ಇಳಿಸಿ. ನಡುವಿನ ಮಣ್ಣು ಮರೆಯಾಗಿ ಬಣ್ಣ ಒತ್ತೊತ್ತಾಗಿ ಕಾಣುತ್ತದೆ. ಸಂಜೆ 6ರಿಂದ 8ರ ಇಳಿಬಿಸಿಲು ಬಲು ಚೆನ್ನ. ಡ್ರೋನ್ ಒಯ್ಯಬೇಡಿ, ಸ್ಕಿಪೋಲ್ ಹತ್ತಿರವಾದ್ದರಿಂದ ನಿರ್ಬಂಧಗಳು ಬಿಗಿ.

ವೀಸಾ, ಕಾರ್ಡು, ಬಟ್ಟೆ, ಊಟ

ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಬೆಂಗಳೂರಿನಲ್ಲಿ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರದಲ್ಲಿ ನಾಲ್ವರೂ ಹಾಜರಾಗಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆ ರಜೆಯ ನೂಕುನುಗ್ಗಲಿಗೆ ಮುಂಚೆ, ಡಿಸೆಂಬರ್ ಅಥವಾ ಜನವರಿಯಲ್ಲಿ ಮುಗಿಸಿ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಅರ್ಜಿಗಳಿಗೆ 45 ದಿನದವರೆಗೂ ಹಿಡಿಯುತ್ತದೆ. ಶುಲ್ಕ ವಯಸ್ಕರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನವರಿಗೆ 45, ಜೊತೆಗೆ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಮರಳಿ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಬೇಕು. ಮಧ್ಯೆ ಪ್ಯಾರಿಸ್ ಸೇರಿಸುವ ಆಸೆಯಿದ್ದರೆ ನೆನಪಿಡಿ: ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ವೀಸಾ ಬರುವವರೆಗೆ ರದ್ದು ಮಾಡಿದರೆ ಹಣ ಮರಳುವ ಬುಕಿಂಗ್‌ಗಳನ್ನಷ್ಟೇ ಮಾಡಿ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಕೆಎಲ್‌ಎಂನ ನೇರ ವಿಮಾನವಿದೆ. ಹಿರಿಯರಿದ್ದಾಗ ಸ್ವಲ್ಪ ಹೆಚ್ಚು ಕೊಟ್ಟಾದರೂ ನೇರ ವಿಮಾನವೇ ಲೇಸು, ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಸಾಲು ಉದ್ದವಿರಬಹುದು, ಇಳಿದ ದಿನ ಬೇರೇನನ್ನೂ ಇಟ್ಟುಕೊಳ್ಳಬೇಡಿ.

ರೈಲು, ಬಸ್ಸು, ಟ್ರಾಮ್ ಎಲ್ಲಕ್ಕೂ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ, ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಸಾಕು. ಹತ್ತುವಾಗ ಒಮ್ಮೆ, ಇಳಿದಾಗ ಒಮ್ಮೆ ಮುಟ್ಟಿಸಬೇಕು. ಒಂದು ಕಾರ್ಡಿಗೆ ಒಬ್ಬರೇ. ನಾಲ್ವರಿಗೂ ಒಂದೇ ಕಾರ್ಡ್ ಮುಟ್ಟಿಸಲಾಗದು. ಹತ್ತುವಾಗ ಮೊಬೈಲ್, ಇಳಿಯುವಾಗ ಅದೇ ಬ್ಯಾಂಕಿನ ಪ್ಲಾಸ್ಟಿಕ್ ಕಾರ್ಡ್ ಮುಟ್ಟಿಸಿದರೆ ಯಂತ್ರ ಎರಡನ್ನೂ ಬೇರೆ ಬೇರೆ ಎಂದೇ ಎಣಿಸಿ ಎರಡಕ್ಕೂ ಹೆಚ್ಚಿನ ಹಣ ಹಿಡಿಯುತ್ತದೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ, ಟ್ಯಾಪ್ ಪಾವತಿ ಎರಡನ್ನೂ ಆನ್ ಮಾಡಿ. ಬಸ್ಸಿನಲ್ಲಿ ನೋಟು ತೆಗೆದುಕೊಳ್ಳುವುದಿಲ್ಲ. ಅತ್ತೆಯವರ ಹೆಸರಿನಲ್ಲಿ ಕಾರ್ಡ್ ಇಲ್ಲದಿದ್ದರೆ ಒಂದು ಫಾರೆಕ್ಸ್ ಕಾರ್ಡ್ ಮಾಡಿಸಿ. 4ರಿಂದ 11 ವರ್ಷದ ಮಕ್ಕಳಿಗೆ ರೈಲಿನಲ್ಲಿ ಅಗ್ಗದ ದಿನದ ಟಿಕೆಟ್ ಇದೆ, ಮಗಳಿಗೆ 12 ತುಂಬುವುದು ಪ್ರಯಾಣದ ನಂತರವಾದರೆ ಅದು ಸಿಗುತ್ತದೆ.

ವಸಂತ ಎಂಬ ಮಾತು ಕೇಳಿ ಹಗುರ ಬಟ್ಟೆ ಒಯ್ಯಬೇಡಿ. ಅಲ್ಲಿನ ಏಪ್ರಿಲ್ ಮಧ್ಯಾಹ್ನ ಧಾರವಾಡದ ಡಿಸೆಂಬರ್ ಬೆಳಗಿನಷ್ಟೇ ತಂಪು. 5ರಿಂದ 14 ಡಿಗ್ರಿ, ಅದರ ಮೇಲೆ ಗಾಳಿ. ಒಂದೇ ದಿನದಲ್ಲಿ ಬಿಸಿಲು, ಮಳೆ, ಆಲಿಕಲ್ಲು ಮೂರೂ ಬರಬಹುದು. ಒಳಗೆ ಥರ್ಮಲ್, ನಡುವೆ ಸ್ವೆಟರ್, ಮೇಲೆ ಟೊಪ್ಪಿಯಿರುವ ನೀರು ಹಿಡಿಯದ ಜಾಕೆಟ್. ಕೊಡೆ ಗಾಳಿಗೆ ಮಡಿಚಿಹೋಗುತ್ತದೆ. ಅತ್ತೆಯವರಿಗೆ ಸೀರೆಯ ಕೆಳಗೆ ಉಣ್ಣೆಯ ಲೆಗಿಂಗ್ಸ್, ಕಾಲುಚೀಲ, ಜಾರದ ಬೂಟು ಬೇಕೇ ಬೇಕು. ತಂಪಿಗೆ ಮೊಣಕಾಲು ಇನ್ನಷ್ಟು ಬಿಗಿಯುತ್ತದೆ. ಹಯಸಿಂತ್ ಹೊಲದ ವಾಸನೆ ಬಹಳ ಗಾಢ. ಅಸ್ತಮಾ, ತಲೆನೋವು ಇರುವವರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ.

ಊಟದ ವಿಷಯದಲ್ಲಿ ಮೊಟ್ಟೆಯೇ ದೊಡ್ಡ ತೊಡಕು. ಅಲ್ಲಿನ ಪ್ಯಾನ್‌ಕೇಕ್, ಪೋಫರ್ಟ್ಯೆಸ್ ಎಂಬ ಪುಟ್ಟ ಪ್ಯಾನ್‌ಕೇಕ್, ಕೇಕುಗಳಲ್ಲೆಲ್ಲ ಮೊಟ್ಟೆ ಇರುತ್ತದೆ. 'ವೇಖೆಟಾರಿಸ್' ಎಂದರೆ ಸಸ್ಯಾಹಾರ, ಆದರೆ ಮೊಟ್ಟೆ ಇರಬಹುದು. 'ವೀಗನ್' ಎಂದು ಕೇಳಿದರೆ ಮೊಟ್ಟೆ ಇರುವುದಿಲ್ಲ. ಚೀಸ್ ಹಲವು ಬಗೆಗಳಲ್ಲಿ ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪುಗಟ್ಟಿಸಿದ್ದು. ಆಚಾರ ಪಾಲಿಸುವ ಅತ್ತೆಯವರಿಗೆ ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು. ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಮೂಲದವರ ರೊಟ್ಟಿ ಅಂಗಡಿಗಳು ನಮ್ಮ ನಾಲಿಗೆಗೆ ಹತ್ತಿರ. 1873ರಿಂದ ಭಾರತದಿಂದ ಸುರಿನಾಮ್‌ಗೆ ಕೂಲಿಗೆ ಹೋದವರ ವಂಶಸ್ಥರು ಈಗ ಹೇಗ್ ಊರಿನಲ್ಲಿ ಬಹಳಷ್ಟಿದ್ದಾರೆ, ಲೈಡನ್‌ನಿಂದ ರೈಲಿನಲ್ಲಿ ಹದಿನೈದು ನಿಮಿಷ. ರೊಟ್ಟಿಯ ಜೊತೆ ಕೊಡುವ ತರಕಾರಿ, ಆಲೂ ಪಲ್ಯ ಸಾಕು, ಮೊಟ್ಟೆ ಬೇಡವೆಂದು ಹೇಳಿಬಿಡಿ. ಉಳಿದಂತೆ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್‌ನಲ್ಲಿ ರಾತ್ರಿ ಅನ್ನ–ಸಾರು, ಬೆಳಿಗ್ಗೆ ಅವಲಕ್ಕಿ. ಅಕ್ಕಿ, ಮೊಸರು, ತರಕಾರಿ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತವೆ. ಇಲ್ಲಿಂದ ಸಾರಿನ ಪುಡಿ, ಚಟ್ನಿಪುಡಿ, ಒಣ ರೊಟ್ಟಿ ಒಯ್ಯಿರಿ. ಪೇಢಾ, ತುಪ್ಪದಂಥ ಹಾಲಿನ ಪದಾರ್ಥಗಳನ್ನು ಒಯ್ಯಬೇಡಿ, ಹೊರದೇಶದಿಂದ ಅವನ್ನು ತರುವುದಕ್ಕೆ ಯುರೋಪಿನಲ್ಲಿ ನಿಷೇಧವಿದೆ.

ಮರಳುವಾಗ ಗಡ್ಡೆ ಕೊಂಡು ತರುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಏಪ್ರಿಲ್‌ನಲ್ಲಿ ಆ ವರ್ಷದ ಗಡ್ಡೆಗಳು ಇನ್ನೂ ಮಣ್ಣಿನಲ್ಲೇ ಇರುತ್ತವೆ, ಆಗ ಅಂಗಡಿಯಲ್ಲಿ ಒಣಗಿದ್ದು ಸಿಕ್ಕರೆ ಅದು ಹಿಂದಿನ ವರ್ಷದ್ದು. ಭಾರತಕ್ಕೆ ತರಲು ಸಸ್ಯ ಸಂಪರ್ಕತಡೆಯ ಪರವಾನಗಿ, ರೋಗಮುಕ್ತ ಪ್ರಮಾಣಪತ್ರ ಬೇಕು. ಮೇಲಾಗಿ ಧಾರವಾಡದ ಚಳಿ ಆ ಗಡ್ಡೆಗೆ ಸಾಲದು.

ಮಳೆಯ ದಿನಕ್ಕೆಂದು ಒಂದು ಕೆಲಸ ಇಟ್ಟುಕೊಳ್ಳಿ. ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ 1590ರ ದಶಕದಲ್ಲಿ ಟ್ಯುಲಿಪ್ ನೆಟ್ಟಿದ್ದ. ಆ ತೋಟ ಇಂದಿಗೂ ಇದೆ, ಗಾಜಿನ ಮನೆಗಳೂ ಇವೆ. ಉತ್ತರಕ್ಕೆ ಲಿಮ್ಮೆನ್ ಊರಿನಲ್ಲಿ ಹೊರ್ಟುಸ್ ಬುಲ್ಬೋರುಮ್ ಎಂಬ ಸಣ್ಣ ತೋಟವಿದೆ. ಮಾರುಕಟ್ಟೆಯಿಂದ ಮರೆಯಾದ ಹಳೆಯ ತಳಿಗಳನ್ನು ಅಲ್ಲಿ ಉಳಿಸಿದ್ದಾರೆ, 1595ರ ಡುಕ್ ಫಾನ್ ಟೋಲ್ ಎಂಬ ಟ್ಯುಲಿಪ್ ತಳಿ ಕೂಡ ಅಲ್ಲಿ ಅರಳುತ್ತದೆ. ನೂಕುನುಗ್ಗಲಿಲ್ಲ, ನಡೆಯುವ ದೂರ ಕಡಿಮೆ. ಅತ್ತೆಯವರು ಅಲ್ಲಿ ನಿಧಾನವಾಗಿ ಒಂದೊಂದೇ ಹೂ ನೋಡಬಹುದು.

ವೀಸಾ ಕೈಕೊಟ್ಟರೆ ಶ್ರೀನಗರವಿದೆ. ಜಬರ್‌ವಾನ್ ಬೆಟ್ಟದಡಿ, ದಾಲ್ ಸರೋವರದ ಮೇಲಿನ ಇಂದಿರಾ ಗಾಂಧಿ ಸ್ಮಾರಕ ಟ್ಯುಲಿಪ್ ತೋಟ 2007ರಲ್ಲಿ ಆರಂಭವಾದದ್ದು, ಮಾರ್ಚ್ ಕೊನೆಯಿಂದ ಮೂರು–ನಾಲ್ಕು ವಾರ ತೆರೆದಿರುತ್ತದೆ. ಅದೂ ಪಾತಿಗಳ ತೋಟವೇ, ಗಡ್ಡೆಯ ಹೊಲವಲ್ಲ. ಅಲ್ಲಿಗಾದರೆ ಏಜೆಂಟರು ಹೇಳಿದ ಏಪ್ರಿಲ್ ಮೊದಲ ವಾರವೇ ಸರಿಯಾದ ಕಾಲ.